ಹುಡಿ ಹಿಡಿದದ್ದಾಯಿತು, ಇನ್ನು ಖಾಲಿ ಮಾಡುವುದು ಹೇಗೆ?

ಮರ ಕೊಯ್ಯುವ ಟೇಬಲ್ ಸಾ ಬಂತು, ಮರ ಕೀಸುವ ಪ್ಲೇನರ್ ಬಂತು, ಅದರ ಹಿಂದೆಯೇ ಹುಡಿ ಎಳೆಯುವ ವ್ಯಾಕ್ಯೂಮ್ ಕೂಡ ಬಂತು. ಇನ್ನು ಹುಡಿಯ ಕಾಟ ಇಲ್ಲ ಅಂತ ನೆಮ್ಮದಿಯಾಗಿರುತ್ತೇವೆ. ಆದರೆ ಹಿಡಿದ ಹುಡಿ ಎಲ್ಲಿಗೂ ಹೋಗಿರುವುದಿಲ್ಲ. ಡ್ರಮ್ಮಿನಲ್ಲಿ, ಚೀಲದಲ್ಲಿ, ಫಿಲ್ಟರಿನ ಮಡಿಕೆಗಳಲ್ಲಿ ಹಾಗೇ ಕೂತಿರುತ್ತದೆ. ಒಂದು ದಿನ ಮುಚ್ಚಳ ತೆರೆದು, ಅಂಗಳದಲ್ಲಿ ದಬಕ್ಕನೆ ಸುರಿದು, ಫಿಲ್ಟರನ್ನು ಕಂಬಕ್ಕೆ ಎರಡು ಸಲ ಬಡಿದರೆ ಮುಗಿಯಿತು. ಅಷ್ಟು ದಿನ ಯಂತ್ರ ತಪ್ಪಿಸಿದ್ದೆಲ್ಲ ಐದೇ ನಿಮಿಷದಲ್ಲಿ ನಮ್ಮ ಮೂಗಿಗೆ ಬರುತ್ತದೆ. ಯಾವ ಯಂತ್ರ ಕೊಳ್ಳಬೇಕು ಅಂತ ಹೇಳುವವರು ಬೇಕಾದಷ್ಟಿದ್ದಾರೆ. ಖಾಲಿ ಮಾಡುವುದು ಹೇಗೆ ಅಂತ ಹೇಳುವವರು ಕಡಿಮೆ.

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯ ತೋಟದ ಮನೆಗಳಲ್ಲಿ ಅಡಕೆ ರಾಶಿ ಹಾಕುವ ಕೊಟ್ಟಿಗೆಯ ಒಂದು ಮೂಲೆ ಸುಲಭವಾಗಿ ವರ್ಕ್‌ಶಾಪ್ ಆಗಿಬಿಡುತ್ತದೆ. ಮರಕ್ಕೂ ಬರವಿಲ್ಲ. ಗಾಳಿಗೆ ಬಿದ್ದ ಹಲಸು, ಗುಡ್ಡೆಯ ಅಕೇಶಿಯಾ, ಹಳೆ ಹಂಚಿನ ಮನೆ ಕಳಚಿದಾಗ ಸಿಕ್ಕಿದ ಪಕ್ಕಾಸು, ರೀಪು. ಕೊಟ್ಟಿಗೆ ಮನೆಗೆ ತಾಗಿಕೊಂಡೇ ಇರುವುದರಿಂದ ಹುಡಿ ಹಾರಿದರೆ ಅಡುಗೆಮನೆಗೂ ಹೋಗುತ್ತದೆ, ತೊಟ್ಟಿಲಿನ ಮಗುವಿಗೂ ಹೋಗುತ್ತದೆ.

"ಆಚಾರಿಗಳು ತಲೆತಲಾಂತರದಿಂದ ಇದೇ ಹುಡಿ ಕುಡಿದು ಬದುಕಿಲ್ವಾ ಮಾರಾಯ್ರೆ" ಅಂತ ಕೇಳುವವರಿದ್ದಾರೆ. ಅವರು ಹತ್ತರಿ ಹಿಡಿದು ಕೀಸುತ್ತಿದ್ದರು. ಅದರಿಂದ ಬರುವುದು ಸುರುಳಿ ಸುರುಳಿ ಸಿಪ್ಪೆ. ಅದು ನೆಲಕ್ಕೆ ಬಿದ್ದು ಸುಮ್ನೆ ಇರುತ್ತದೆ. ಮರ ಉಜ್ಜಿ ನುಣುಪು ಮಾಡುವ ಕರೆಂಟಿನ ಸ್ಯಾಂಡರಿನಿಂದ ಏಳುವುದು ಬೇರೆಯೇ ಜಾತಿ. ನಮ್ಮ ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಸ್ಯಾಂಡರಿನ ಹುಡಿಯಲ್ಲಿ 10 ಮೈಕ್ರಾನಿಗಿಂತ ಸಣ್ಣದೂ ಧಾರಾಳ ಇರುತ್ತದೆ. ಅದು ಶ್ವಾಸಕೋಶದ ಒಳಗೇ ಇಳಿಯುತ್ತದೆ. ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ. ಗಾಜಿನ ಹಂಚಿನಿಂದ ಇಳಿಯುವ ಬಿಸಿಲುಕೋಲಿನಲ್ಲಿ ನೋಡಿದರೆ ಗೊತ್ತಾಗುತ್ತದೆ, ಉಳಿದ ಕಡೆ ಕಣ್ಣಿಗೆ ಕಾಣುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಹುಡಿಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ಮುಖ್ಯವಾಗಿ ಮೂಗು ಮತ್ತು ಸೈನಸ್‌ನ ಕ್ಯಾನ್ಸರ್. ವರ್ಷಗಟ್ಟಲೆ ದಿನವೂ ಹುಡಿಯಲ್ಲಿ ದುಡಿದವರ ಮಾತು ಅದು, ಭಾನುವಾರ ಸ್ಟೂಲ್ ಮಾಡುವವರು ಹೆದರಿ ಕೈಬಿಡಬೇಕಾಗಿಲ್ಲ. ಆದರೆ ಬೀಟೆ, ತೇಗದ ಹುಡಿಗೆ ಮೈ ತುರಿಸುವವರು, ಸೀನು ಹತ್ತುವವರು ನಮ್ಮ ನಡುವೆಯೇ ಇದ್ದಾರೆ.

ನಿಮ್ಮಲ್ಲಿರುವುದು ಯಾವ ಯಂತ್ರ?

ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ. ಒಂದು, ಸಪೂರ ಹೋಸಿನ ವ್ಯಾಕ್ಯೂಮ್. ಇದರ ಎಳೆತ ಜೋರು, ಆದರೆ ಎಳೆಯುವ ಗಾಳಿಯ ಪ್ರಮಾಣ ಕಡಿಮೆ. ಸ್ಯಾಂಡರಿಗೆ, ಮರದಲ್ಲಿ ಗೀರು ಕೊರೆಯುವ ರೂಟರಿಗೆ ಸರಿ. ಇನ್ನೊಂದು, ನಾಲ್ಕು ಇಂಚಿನ ದೊಡ್ಡ ಬಾಯಿಯ ಡಸ್ಟ್ ಕಲೆಕ್ಟರ್. ಮೇಲೆ ಬಟ್ಟೆಯ ಚೀಲ, ಕೆಳಗೆ ಪ್ಲಾಸ್ಟಿಕ್ ಚೀಲ. ಪ್ಲೇನರಿನ ರಾಶಿ ಸಿಪ್ಪೆಗೆ ಇದೇ ಬೇಕು.

ವ್ಯಾಕ್ಯೂಮ್ ಇದ್ದವರು ಅದರ ಮುಂದೆ ಒಂದು ಸೈಕ್ಲೋನ್ ಜೋಡಿಸಿಕೊಳ್ಳುವುದು ಒಳ್ಳೆಯದು. ಲಾಳಿಕೆಯ ಆಕಾರದ ಪ್ಲಾಸ್ಟಿಕ್ ಸಾಮಾನು, ಆನ್‌ಲೈನಿನಲ್ಲಿ ಸಿಗುತ್ತದೆ. ಗಾಳಿ ಅದರೊಳಗೆ ಗಿರಗಿರ ಸುತ್ತುವಾಗ ಭಾರದ ಹುಡಿ ಗೋಡೆಗೆ ತಾಗಿ ಕೆಳಗಿನ ಡ್ರಮ್ಮಿಗೆ ಬೀಳುತ್ತದೆ. ತೀರಾ ನಯವಾದದ್ದು ಮಾತ್ರ ಫಿಲ್ಟರಿಗೆ ಹೋಗುತ್ತದೆ. ಕೆಳಗಿನ ಡ್ರಮ್ ಗಟ್ಟಿ ಇರಲಿ. ಹೋಸ್ ಎಲ್ಲಾದರೂ ಕಟ್ಟಿಕೊಂಡರೆ ತೆಳು ಬಕೆಟ್ ಒಳಕ್ಕೆ ಸೆಳೆದು ಚಪ್ಪಟೆಯಾಗುತ್ತದೆ. ಪೈಪಿಗೆ ಎಲ್ಲೂ ಹುಡುಕಾಡಬೇಡಿ. ತೋಟಕ್ಕೆ ನೀರು ಬಿಡಲು ತಂದ 63 ಅಥವಾ 110 ಮಿ.ಮೀ. ಪಿವಿಸಿ ಪೈಪಿನ ತುಂಡುಗಳು ಹೇಗೂ ಇರುತ್ತವಲ್ಲ, ಅವೇ ಸಾಕು. ಒಳಗೆ ನುಣುಪಾಗಿರುವುದರಿಂದ ಸುಕ್ಕು ಸುಕ್ಕಾದ ಹೋಸಿಗಿಂತ ಚೆನ್ನಾಗಿ ಗಾಳಿ ಹೋಗುತ್ತದೆ. ಮೂಲೆಯಲ್ಲಿ ಒಂದೇ ಎಲ್ಬೋ ಹಾಕಿ ಥಟ್ಟನೆ ತಿರುಗಿಸುವ ಬದಲು, 45 ಡಿಗ್ರಿಯ ಎರಡು ಬೆಂಡ್ ಹಾಕಿ.

ಖಾಲಿ ಮಾಡುವ ಕ್ರಮ

ಡ್ರಮ್ ಮೂರರಲ್ಲಿ ಎರಡು ಪಾಲು ತುಂಬಿದರೆ ಸಾಕು, ಖಾಲಿ ಮಾಡಿ. ಅದಕ್ಕಿಂತ ಮೇಲೇರಿದರೆ ಸುತ್ತುವ ಗಾಳಿ ಕೆಳಗೆ ಬಿದ್ದ ಹುಡಿಯನ್ನೇ ಮತ್ತೆ ಎತ್ತಿ ಫಿಲ್ಟರಿಗೆ ಸಾಗಿಸುತ್ತದೆ. ಆಮೇಲೆ ಸೈಕ್ಲೋನ್ ಇದ್ದೂ ಇಲ್ಲದ ಹಾಗೆ. ಎಷ್ಟು ತುಂಬಿದೆ ಅಂತ ನೋಡಲು ಮುಚ್ಚಳ ತೆರೆಯಬೇಕಾಗಿಲ್ಲ. ಡ್ರಮ್ಮಿನ ಹೊರಗಿನಿಂದ ಬೆರಳ ಗಂಟಿನಲ್ಲಿ ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ ಬನ್ನಿ. ಹುಡಿ ಇರುವಲ್ಲಿ ಶಬ್ದ ಮಂದ, ಖಾಲಿ ಇರುವಲ್ಲಿ ಟೊಳ್ಳು. ಪ್ಲೇನರ್ ಓಡಿಸುವ ದಿನ ಮಾತ್ರ ಇದನ್ನು ಮತ್ತೆ ಮತ್ತೆ ನೋಡಬೇಕು. ಒಂದು ಹಲಗೆಯ ಸಿಪ್ಪೆಯೇ ಎಷ್ಟು ಜಾಗ ತಿನ್ನುತ್ತದೆ ಅಂದರೆ ನಂಬುವುದು ಕಷ್ಟ.

ಸ್ವಿಚ್ ಆಫ್ ಮಾಡಿ, ಪ್ಲಗ್ ಕೂಡ ಕಿತ್ತಿಡಿ. ಕೂಡಲೇ ತೆರೆಯಬೇಡಿ. ಹತ್ತು ಹದಿನೈದು ನಿಮಿಷ ಬಿಟ್ಟರೆ ಒಳಗೆ ತೇಲುತ್ತಿರುವುದರಲ್ಲಿ ಹೆಚ್ಚಿನದು ಕೆಳಗೆ ಕೂರುತ್ತದೆ. ಒಂದು ಚಾ ಕುಡಿದು ಬರುವಷ್ಟು ಹೊತ್ತು.

ಮಾಸ್ಕ್ ಹಾಕುವುದು ಮುಚ್ಚಳ ತೆರೆಯುವ ಮೊದಲು, ತೆರೆದು ಸೀನಿದ ಮೇಲೆ ಅಲ್ಲ. ಮುಖಕ್ಕೆ ಕಟ್ಟುವ ಬೈರಾಸು ದಪ್ಪ ಸಿಪ್ಪೆಯನ್ನು ತಡೆದೀತು, ನಯ ಹುಡಿಯನ್ನು ತಡೆಯುವುದಿಲ್ಲ. ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕ್ ಬೇಕು. ಪ್ಯಾಕೆಟಿನ ಮೇಲೆ ಭಾರತೀಯ ಮಾನಕದ ಸಂಖ್ಯೆ ಐಎಸ್ 9473 ಅಂತ ಇದೆಯಾ ನೋಡಿ. ದಪ್ಪ ಗಡ್ಡ ಇದ್ದವರಿಗೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂರುವುದಿಲ್ಲ, ಅಂಚಿನಿಂದ ಗಾಳಿ ಒಳಗೆ ಬರುತ್ತದೆ. ಸಾಧ್ಯವಾದರೆ ಡ್ರಮ್ಮನ್ನು ಹೊರಗೆ ಒಯ್ದು, ಗಾಳಿ ಬೆನ್ನಿಗೆ ಬರುವ ಹಾಗೆ ನಿಲ್ಲಿ.

ಈಗ ಮುಖ್ಯ ಕೆಲಸ. ಹುಡಿಯನ್ನು ಎತ್ತರದಿಂದ ಸುರಿಯಲೇಬೇಡಿ. ಡ್ರಮ್ಮಿಗಿಂತ ದೊಡ್ಡದಾದ ಪಾಲಿಥಿನ್ ಚೀಲ ತೆಗೆದುಕೊಳ್ಳಿ. ಮುಚ್ಚಳ ತೆಗೆದ ಕೂಡಲೇ ಅದನ್ನು ಟೊಪ್ಪಿಯ ಹಾಗೆ ಡ್ರಮ್ಮಿನ ಬಾಯಿಗೆ ಹಾಕಿ, ಹಳೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಸುತ್ತಲೂ ಬಿಗಿಯಾಗಿ ಕಟ್ಟಿ. ಆಮೇಲೆ ಚೀಲ ಸಮೇತ ಡ್ರಮ್ಮನ್ನು ಮೆಲ್ಲ ಮಗುಚಿ. ಹುಡಿ ಜಾರಿ ಚೀಲಕ್ಕೆ ಇಳಿಯುತ್ತದೆ. ಡ್ರಮ್ಮಿನ ತಳಕ್ಕೆ ಕೈಯಿಂದ ಎರಡು ಪೆಟ್ಟು ಕೊಟ್ಟು, ಒಂದೆರಡು ನಿಮಿಷ ಹಾಗೇ ಬಿಡಿ. ಟ್ಯೂಬ್ ಸಡಿಲಿಸಿ ಡ್ರಮ್ಮನ್ನು ನಿಧಾನಕ್ಕೆ ಮೇಲೆಳೆದು, ಚೀಲದ ಬಾಯಿ ತಿರುಚಿ ಕಟ್ಟಿ. ಚೀಲದೊಳಗಿನ ಗಾಳಿಯನ್ನು ಒತ್ತಿ ತೆಗೆಯಲು ಹೋಗಬೇಡಿ. ಆ ಗಾಳಿಯ ಜೊತೆ ಬರುವುದು ಅತಿ ನಯವಾದ ಹುಡಿಯೇ. ಪಶು ಆಹಾರದ ಹಿಂಡಿ ಚೀಲ ಒಂದೇ ಸಾಲದು, ಅದರ ನೇಯ್ಗೆಯ ಸಂದಿಯಿಂದ ಹುಡಿ ಸೋರುತ್ತದೆ. ಪಾಲಿಥಿನ್ ಒಳಗೆ, ಹಿಂಡಿ ಚೀಲ ಹೊರಗೆ, ಹಾಗಾದರೆ ಹೊರಲೂ ಸುಲಭ.

ಡ್ರಮ್ಮಿನೊಳಗೇ ಚೀಲ ಇಟ್ಟುಬಿಟ್ಟರೆ ಆಯಿತಲ್ವಾ ಅಂತ ಅನಿಸಬಹುದು. ಸೈಕ್ಲೋನಿನ ಕೆಳಗೆ ಅದು ನಡೆಯುವುದಿಲ್ಲ. ಎಳೆತಕ್ಕೆ ಚೀಲ ಮೇಲೆ ಹಾರಿ ಬಾಯಿ ಮುಚ್ಚುತ್ತದೆ. ಬಟ್ಟೆ ಚೀಲದ ಕಲೆಕ್ಟರಿನಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಗಾಳಿ ಒಳಗಿನಿಂದ ಹೊರಕ್ಕೆ ಒತ್ತುವುದರಿಂದ ಕೆಳಗಿನ ಪ್ಲಾಸ್ಟಿಕ್ ಚೀಲ ಉಬ್ಬಿಕೊಂಡೇ ಇರುತ್ತದೆ. ಅದನ್ನು ಬಿಚ್ಚುವ ಮೊದಲು ಮೇಲಿನ ಬಟ್ಟೆಯನ್ನು ಹೊರಗಿನಿಂದ ಮೆಲ್ಲ ತಟ್ಟಿ, ಕಾಯ್ದು, ಆಮೇಲೆ ಕ್ಲಾಂಪ್ ತೆಗೆಯಿರಿ.

ಡ್ರಮ್ಮಿನ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ ಮುಚ್ಚಳ ಹಾಕಿ. ಅಂಚಿನಲ್ಲಿ ಹುಡಿ ಉಳಿದರೆ ಮುಚ್ಚಳ ಕೂರುವುದಿಲ್ಲ, ಗಾಳಿ ಸೋರುತ್ತದೆ. ಡ್ರಮ್ಮಿನಲ್ಲಿ ಸಣ್ಣ ಸೋರಿಕೆ ಇದ್ದರೂ ಹುಡಿ ಕೆಳಗೆ ನಿಲ್ಲುವುದಿಲ್ಲ. ಮೆಷಿನ್ ಓಡಿಸಿ, ಒಂದು ಹತ್ತಿಯ ಎಳೆಯನ್ನು ಅಂಚಿನ ಸುತ್ತ ಹಿಡಿಯುತ್ತಾ ಹೋಗಿ. ಎಳೆ ಒಳಕ್ಕೆ ಬಾಗಿದಲ್ಲಿ ಸೋರಿಕೆ ಇದೆ. ಊದುಬತ್ತಿಯ ಹೊಗೆಯಲ್ಲಿ ನೋಡುವ ಉಪಾಯ ಕೆಲವರು ಹೇಳುತ್ತಾರೆ, ಬೇಡ. ಕಿಡಿ ಒಳಗೆ ಹೋದೀತು.

ಕೆಳಗೆ ಬಿದ್ದದ್ದನ್ನು ಹಿಡಿಸೂಡಿಯಿಂದ ಗುಡಿಸುವುದಾದರೆ ನೆಲಕ್ಕೆ ನೀರು ಚಿಮುಕಿಸಿ. ಇಲ್ಲದಿದ್ದರೆ ವ್ಯಾಕ್ಯೂಮಿನಲ್ಲೇ ಎಳೆಯಿರಿ. ಎಲ್ಲ ಮುಗಿಯುವ ತನಕ ಮಾಸ್ಕ್ ಮುಖದಲ್ಲೇ ಇರಲಿ.

ಫಿಲ್ಟರನ್ನು ಹೊಡೆಯಬೇಡಿ

ಎಳೆತ ಕಮ್ಮಿಯಾದ ಕೂಡಲೇ ಫಿಲ್ಟರಿಗೆ ಕೈ ಹಾಕುವುದು ಎಲ್ಲರ ಅಭ್ಯಾಸ. ಮೊದಲು ಹೋಸ್ ನೋಡಿ. ಬೆಂಡಿನಲ್ಲಿ ಒಂದು ಉದ್ದ ಚಕ್ಕೆ ಅಡ್ಡ ಕೂತರೆ ಅದರ ಹಿಂದೆ ಸಿಪ್ಪೆ ಕಟ್ಟಿಕೊಳ್ಳುತ್ತದೆ.

ಫಿಲ್ಟರೇ ಕಟ್ಟಿದ್ದರೆ ಅದರ ಕೊಳೆ ಯಾವ ಬದಿಯಲ್ಲಿದೆ ನೋಡಿಕೊಳ್ಳಿ. ವ್ಯಾಕ್ಯೂಮಿನ ಫಿಲ್ಟರಿನಲ್ಲಿ ಸಾಮಾನ್ಯವಾಗಿ ಹೊರಬದಿ. ಗಾಳಿ ಹೊಡೆಯುವುದು ಯಾವಾಗಲೂ ಚೊಕ್ಕ ಬದಿಯಿಂದ ಕೊಳೆ ಬದಿಗೆ, ಅದೂ ಕಡಿಮೆ ಒತ್ತಡದಲ್ಲಿ, ದೂರದಿಂದ. ಕಂಪ್ರೆಸರಿನ ಪೂರ್ತಿ ಒತ್ತಡ ಬಿಟ್ಟರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ. ಎಳೆತ ಚೆನ್ನಾಗಾಯಿತು ಅಂತ ನಮಗೆ ಖುಷಿ, ನಯ ಹುಡಿಯೆಲ್ಲ ಹಿಂದಿನಿಂದ ಕೋಣೆಗೇ ಬರುತ್ತಿರುತ್ತದೆ. ದೊಡ್ಡ ಚೀಲದೊಳಗೆ ಫಿಲ್ಟರ್ ಇಟ್ಟು, ಪೇಂಟ್ ಬ್ರಷ್ಷಿನಿಂದ ಮಡಿಕೆಯ ಉದ್ದಕ್ಕೆ ಸವರಿ ತೆಗೆಯುವುದು ನಿಧಾನದ ದಾರಿ, ಆದರೆ ನನಗೆ ಅದೇ ಸರಿ ಕಾಣುತ್ತದೆ. ಸ್ಪಂಜಿನದ್ದನ್ನು ತೊಳೆಯಬಹುದು. ಕಾಗದದ್ದನ್ನು ಕಂಪನಿಯವರೇ ತೊಳೆಯಬಹುದು ಅಂದಿದ್ದರೆ ಮಾತ್ರ.

ಮಳೆಗಾಲದಲ್ಲಿ ತೊಳೆದ ಫಿಲ್ಟರ್ ಒಣಗುವುದು ಯಾವಾಗ? ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಬರುವ ಜಿಲ್ಲೆ ಇದು. ಅರೆಹಸಿ ಫಿಲ್ಟರ್ ಹಾಕಿದರೆ ಹುಡಿ ಅಂಟಿ ಗಾರೆಯಾಗುತ್ತದೆ. ಒಂದು ಹೆಚ್ಚುವರಿ ಫಿಲ್ಟರ್ ತಂದಿಟ್ಟುಕೊಳ್ಳಿ. ಜೂನಿನಿಂದ ಸೆಪ್ಟೆಂಬರ್ ತನಕ ಡ್ರಮ್ಮಿನಲ್ಲಿ ಹುಡಿ ಉಳಿಸಬೇಡಿ, ಅರ್ಧ ತುಂಬದಿದ್ದರೂ ಅದೇ ದಿನ ತೆಗೆಯಿರಿ. ಮುರಕಲ್ಲಿನ ಗೋಡೆಯ ತೇವಕ್ಕೆ ಹುಡಿಗೆ ಬೇಗ ಬೂಸ್ಟು ಬರುತ್ತದೆ. ಮತ್ತೆ ಸ್ವಿಚ್ ಹಾಕಿದಾಗ ಅದನ್ನೂ ಉಸಿರಾಡಬೇಕಾಗುತ್ತದೆ.

ಎಲ್ಲಿಗೆ ಹಾಕುವುದು?

ಇದು ಮರ ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಹಾಗಾಗಿ ಬೇರೆ ಬಗೆಯ ಮರಕ್ಕೆ ಕೈ ಹಾಕುವ ಮೊದಲು ಡ್ರಮ್ ಖಾಲಿ ಮಾಡಿಬಿಡಿ. ಬೆರೆತ ಮೇಲೆ ಬೇರೆ ಮಾಡಲಾಗುವುದಿಲ್ಲ.

ಹಲಸು, ಮಾವು, ಅಕೇಶಿಯಾದಂಥ ಬರಿಮರದ ಹುಡಿ ಗೊಬ್ಬರದ ಗುಂಡಿಗೆ ಹೋಗಬಹುದು. ಆದರೆ ಅಡಕೆ ಮರದ ಬುಡಕ್ಕೆ ನೇರ ರಾಶಿ ಹಾಕಬೇಡಿ. ಮರದ ಹುಡಿಯಲ್ಲಿ ಇಂಗಾಲ ವಿಪರೀತ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಕೊಳೆಯಲು ಬೇಕಾದ ಸಾರಜನಕವನ್ನು ಅದು ಮಣ್ಣಿನಿಂದಲೇ ಎಳೆಯುತ್ತದೆ, ಗಿಡ ಹಳದಿಯಾಗುತ್ತದೆ. ಒರಲೆಯನ್ನೂ ಕರೆಯುತ್ತದೆ. ಸೆಗಣಿ, ಸೊಪ್ಪಿನ ನಡುವೆ ತೆಳುವಾಗಿ ಪದರ ಹಾಕಿ ಕೊಳೆಸಿ. ಹಟ್ಟಿಗೆ ಹಾಸಲು ಪ್ಲೇನರಿನ ದಪ್ಪ ಸಿಪ್ಪೆ ಒಳ್ಳೆಯದು, ಸ್ಯಾಂಡರಿನ ನಯ ಹುಡಿ ಬೇಡ. ದನಕ್ಕೂ ಶ್ವಾಸಕೋಶ ಇದೆ.

ಹುಡಿ ಒಲೆ ಇನ್ನೂ ಇಟ್ಟುಕೊಂಡ ಮನೆಗಳಿದ್ದರೆ ಗರಗಸದ ಹುಡಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಬುಡದಲ್ಲಿ ತೂತಿರುವ ತಗಡಿನ ಡಬ್ಬದ ನಡುವೆ ಬಾಟ್ಲಿ ನಿಲ್ಲಿಸಿ, ತೂತಿನಿಂದ ಒಂದು ಕೋಲು ತೂರಿಸಿ ಬಾಟ್ಲಿಗೆ ತಾಗಿಸಿ. ಒಣ ಹುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ ಗುದ್ದಿ. ಬಾಟ್ಲಿ, ಕೋಲು ಎರಡನ್ನೂ ತಿರುಗಿಸಿ ಮೆಲ್ಲ ಎಳೆದರೆ ಗಾಳಿ ಹೋಗುವ ದಾರಿ ಸಿದ್ಧ. ಸ್ನಾನದ ನೀರಿಗೆ ಸಾಕು. ಉರಿಯುವ ಒಲೆಗೆ ಮಾತ್ರ ನಯ ಹುಡಿ ಎರಚಬೇಡಿ, ಭುಗಿಲ್ ಅಂತ ಮುಖಕ್ಕೇ ಬರುತ್ತದೆ.

ಪ್ಲೈವುಡ್ಡಿನ, ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಹುಡಿ ಒಲೆಗೂ ಬೇಡ, ಹಟ್ಟಿಗೂ ಬೇಡ, ಗೊಬ್ಬರಕ್ಕೂ ಬೇಡ. ಅದರಲ್ಲಿ ಫಾರ್ಮಾಲ್ಡಿಹೈಡಿನ ಅಂಟಿದೆ. ಗುಡ್ಡೆಯಲ್ಲಿ ನೀರಿಗಾಗಿ ಕೊರೆದ ಸುರಂಗದ ಮೇಲ್ಬದಿಗೆ ಸುರಿಯುವುದಂತೂ ಬೇಡವೇ ಬೇಡ, ಕುಡಿಯುವ ನೀರು ಅಲ್ಲಿಂದಲೇ ಬರುವುದು. ಹಳೆ ಪಕ್ಕಾಸಿನದ್ದೂ ಇದೇ ಕತೆ. ಗೆದ್ದಲು ಬಾರದಂತೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಕರಿ ಆಯಿಲನ್ನೋ ಬಳಿದಿರುತ್ತಾರೆ. ಬಣ್ಣ ಬಳಿದ ಹಳೆ ಕಿಟಕಿಗಳಲ್ಲಿ ಸೀಸ ಇರಬಹುದು. ಮನೆಯ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮಿತಿ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅಂಥ ಕಿಟಕಿಯನ್ನು ಸ್ಯಾಂಡರಿಗೆ ಕೊಡಲೇಬೇಡಿ. ಈ ಹುಡಿಗಳನ್ನೆಲ್ಲ ಬೇರೆ ಚೀಲದಲ್ಲಿ ಕಟ್ಟಿಟ್ಟು, ಕೊಡುವುದು ಎಲ್ಲಿಗೆ ಅಂತ ಮನೆಮನೆಯಿಂದ ಕಸ ಒಯ್ಯುವ ನಿಮ್ಮ ವಾರ್ಡಿನ ಹರಿತ ಕರ್ಮ ಸೇನೆಯವರನ್ನೇ ಕೇಳಿ.

ಬೆಂಕಿ ಮತ್ತು ಕರೆಂಟು

ಪಕ್ಕಾಸಿನಲ್ಲಿ ಮುರಿದ ಮೊಳೆ ಇದ್ದೇ ಇರುತ್ತದೆ. ಗರಗಸಕ್ಕೆ ತಾಗಿ ಹಾರಿದ ಕಿಡಿ ಪೈಪಿನಲ್ಲಿ ಹೋಗಿ ಹುಡಿಯೊಳಗೆ ಹೂತುಕೊಂಡರೆ ಉರಿ ಕಾಣುವುದಿಲ್ಲ, ಗಂಟೆಗಟ್ಟಲೆ ಹೊಗೆಯಾಡುತ್ತಿರುತ್ತದೆ. ಮೊದಲೇ ಅಯಸ್ಕಾಂತದಲ್ಲಿ ಹುಡುಕಿ ಮೊಳೆ ಕೀಳಿ. ಅಂಥ ಮರ ಕೊಯ್ದ ದಿನ ಸಂಜೆ ಡ್ರಮ್ ಖಾಲಿ ಮಾಡಿ, ಹುಡಿಯನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ಹೊರಗಿಡಿ. ಕಬ್ಬಿಣ ಕೊಯ್ಯುವ ಗ್ರೈಂಡರಿಗೆ ಈ ವ್ಯಾಕ್ಯೂಮ್ ಜೋಡಿಸಲೇಬಾರದು.

1500 ವ್ಯಾಟಿನ ಗರಗಸ, 1400 ವ್ಯಾಟಿನ ವ್ಯಾಕ್ಯೂಮ್ ಒಟ್ಟಿಗೆ ಓಡಿದರೆ 230 ವೋಲ್ಟಿನಲ್ಲಿ ಹನ್ನೆರಡೂವರೆ ಆಂಪಿಯರ್ ದಾಟುತ್ತದೆ. 6 ಆಂಪಿಯರಿನ ಎಕ್ಸ್‌ಟೆನ್ಷನ್ ಬಾಕ್ಸ್ ಅದಕ್ಕೆ ಆಗುವುದಿಲ್ಲ. 16 ಆಂಪಿಯರಿನ ಪಾಯಿಂಟ್ ಹಾಕಿಸಿ.

ಇನ್ನು ಅಗಸೆ ಎಣ್ಣೆಯ ಪಾಲಿಶ್ ಒರೆಸಿದ ಬಟ್ಟೆ. ಅದನ್ನು ಮುದ್ದೆ ಮಾಡಿ ಹುಡಿಯ ಡ್ರಮ್ಮಿಗೆ ಎಸೆಯುವವರಿದ್ದಾರೆ. ಆ ಎಣ್ಣೆ ಒಣಗುವಾಗ ತನ್ನಷ್ಟಕ್ಕೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಬಿಸಿ ಹೊರಹೋಗಲು ದಾರಿಯಿಲ್ಲದೆ ಬೆಂಕಿಯೇ ಹತ್ತಬಹುದು. ಬೇಸಿಗೆಯಾದರೆ ಅಂಗಳದಲ್ಲಿ ಒಂದೇ ಪದರ ಹರಡಿ, ಬಟ್ಟೆ ಒಣಗಿ ಸೆಟೆದುಕೊಂಡ ಮೇಲೆ ಎಸೆಯಿರಿ. ಮಳೆಗಾಲದಲ್ಲಿ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಿ.