ಅಮೆರಿಕದ ಮನೆ ಖಾಲಿ ಮಾಡಿ ತುಮಕೂರಿಗೆ ಬರುವವರಿಗೆ: ಆ ಮನೆಯನ್ನು ಮಾರಾಟಕ್ಕೆ ಸಿದ್ಧಮಾಡುವ ಬಗೆ

ತುಮಕೂರಿನಲ್ಲಿ ಮನೆ ಮಾರುವಾಗ ಮಾಲೀಕರು ಮನೆಯಲ್ಲೇ ಇರುತ್ತಾರೆ. ನೋಡಲು ಬಂದವರನ್ನು ಕೂರಿಸಿ ಕಾಫಿ ಕೊಡುತ್ತಾರೆ. ಹೇಮಾವತಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೋರ್ ಎಷ್ಟು ಅಡಿ, ಬಾಗಿಲು ಯಾವ ದಿಕ್ಕಿಗಿದೆ, ಎಲ್ಲವನ್ನೂ ಬಾಯಲ್ಲೇ ಹೇಳುತ್ತಾರೆ. ಕೊಳ್ಳುವವರ ಗಮನವೆಲ್ಲ ಸೈಟಿನ ಅಳತೆ, ಇ-ಖಾತೆ, ಇ.ಸಿ. ಮೇಲೆ. ಬಣ್ಣ ಮಾಸಿದ್ದರೆ "ಬಂದ ಮೇಲೆ ಹೊಡೆಸ್ಕೊಳ್ತೀವಿ ಬಿಡಿ" ಅಂತಾರೆ, ಅಲ್ಲಿಗೆ ಮುಗಿಯಿತು.

ಅಮೆರಿಕದಲ್ಲಿ ಈ ಕ್ರಮವೇ ತಿರುಗಾಮುರುಗಾ. ಮಾಲೀಕತ್ವದ ದಾಖಲೆ ನೋಡುವುದು ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ. ಅದನ್ನು ಟೈಟಲ್ ಕಂಪನಿಯೋ ವಕೀಲರೋ ನೋಡಿಕೊಳ್ಳುತ್ತಾರೆ. ಬಂದವರು ನೋಡುವುದು ಮನೆಯನ್ನು ಮಾತ್ರ, ಅದೂ ಮಾಲೀಕರು ಇಲ್ಲದಿರುವಾಗ. ಬಾಗಿಲಿಗೆ ನೇತುಹಾಕಿದ ಲಾಕ್‌ಬಾಕ್ಸ್‌ನಿಂದ ಅವರ ಏಜೆಂಟ್ ಕೀ ತೆಗೆದು ಒಳಗೆ ಕರೆದುಕೊಂಡು ಹೋಗುತ್ತಾರೆ. ಒಂದು ಸುತ್ತು ಹಾಕಿ ಹೊರಟುಬಿಡುತ್ತಾರೆ. ನಿಮ್ಮ ಪರವಾಗಿ ಮಾತಾಡಲು ಅಲ್ಲಿ ಯಾರೂ ಇರುವುದಿಲ್ಲ. ಸಾಮಾನು ಸಾಗಿಸಿದ ಖಾಲಿ ಮನೆಯಾದರೆ ಮೊಳೆ ಕಿತ್ತ ತೂತು, ಕಾರ್ಪೆಟ್ ಮೇಲೆ ಮಂಚದ ಕಾಲು ಕೂತ ಗುರುತು, ಇವೇ ಮೊದಲು ಕಣ್ಣಿಗೆ ಬೀಳುತ್ತವೆ. ಹಾಗಾಗಿ ನೀವು ಬಾಯಲ್ಲಿ ಹೇಳಬೇಕಾದದ್ದನ್ನೆಲ್ಲ ಮನೆಯೇ ತೋರಿಸುವಂತೆ ಬಿಟ್ಟು ಬರಬೇಕು.

ಅಪ್ಪ-ಅಮ್ಮನಿಗೆ ವಯಸ್ಸಾಯಿತು, ಮಕ್ಕಳನ್ನು ಇಲ್ಲೇ ಓದಿಸೋಣ ಅಂತ ಬಟವಾಡಿ, ಎಸ್.ಎಸ್. ಪುರಂ ಕಡೆಗೆ ವಾಪಸ್ ಬರುವವರು ಸಾಮಾನ್ಯವಾಗಿ ಜೂನ್ ಹತ್ತಿರ ಬರುತ್ತಾರೆ, ಶಾಲೆ ಶುರುವಾಗುತ್ತದಲ್ಲ. ಅಮೆರಿಕದಲ್ಲಿ ಮನೆ ಜಾಸ್ತಿ ಮಾರಾಟವಾಗುವುದು ವಸಂತದಲ್ಲಿ ಮತ್ತು ಬೇಸಿಗೆಯ ಮೊದಲ ಭಾಗದಲ್ಲಿ. ಅಲ್ಲಿನ ಮಕ್ಕಳಿಗೂ ಆಗಲೇ ರಜೆ, ಊರು ಬದಲಿಸುವವರು ಆಗ ಬದಲಿಸುತ್ತಾರೆ. ಆದ್ದರಿಂದ ಸಾಧ್ಯವಾದರೆ ಏಪ್ರಿಲ್‌ನಲ್ಲೇ, ನೀವು ಅಲ್ಲಿರುವಾಗಲೇ ಮನೆಯನ್ನು ಮಾರಾಟಕ್ಕೆ ಹಾಕಿ. ಆಗದಿದ್ದರೆ ಕನಿಷ್ಠ ಫೋಟೋಗಳನ್ನಾದರೂ ಸಾಮಾನು ಇರುವಾಗಲೇ ತೆಗೆಸಿ. ಕೊಳ್ಳುವವರು ಮೊದಲು ಮನೆ ನೋಡುವುದು ಫೋನಿನಲ್ಲಿ. ಫೋಟೋ ಹಿಡಿಸದಿದ್ದರೆ ಬಾಗಿಲವರೆಗೂ ಬರುವುದಿಲ್ಲ.

ವಿಮಾನದ ಟಿಕೆಟ್ ಕೈಗೆ ಬಂದ ಕೂಡಲೇ ನಮ್ಮವರು ಮಾಡುವ ಮೊದಲ ಕೆಲಸ, ಸೋಫಾ, ಮಂಚ, ಊಟದ ಮೇಜು ಎಲ್ಲವನ್ನೂ ಸಿಕ್ಕ ಬೆಲೆಗೆ ಮಾರುವುದು. ದಯವಿಟ್ಟು ಆತುರಪಡಬೇಡಿ. ಖಾಲಿ ಕೋಣೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಕ್ವೀನ್ ಮಂಚದ ಹಾಸಿಗೆ 60 ಇಂಚು ಅಗಲ, 80 ಇಂಚು ಉದ್ದ. ಅದು ಹಿಡಿಸಿ ಇನ್ನೂ ಓಡಾಡಲು ಜಾಗ ಉಳಿಯುತ್ತದೆ ಅನ್ನುವುದು ಮಂಚ ಹಾಕಿದ ಮೇಲೆಯೇ ನೋಡುವವರಿಗೆ ಗೊತ್ತಾಗುವುದು. ಹಾಲ್‌ನಲ್ಲಿ ಒಂದು ಸೋಫಾ, ಚಿಕ್ಕ ಟೀಪಾಯಿ, ಒಂದು ದೀಪ. ದೊಡ್ಡ ಮಲಗುವ ಕೋಣೆಯಲ್ಲಿ ಮಂಚ, ಅದರ ಮೇಲೆ ಬಿಳಿ ಹೊದಿಕೆ. ಅಡುಗೆಮನೆ ಪಕ್ಕದಲ್ಲಿ ಮೇಜು, ನಾಲ್ಕು ಕುರ್ಚಿ. ಇಷ್ಟು ಬಿಟ್ಟರೆ ಸಾಕು, ಉಳಿದ ಕೋಣೆಗಳು ಖಾಲಿ ಇದ್ದರೂ ನಡೆಯುತ್ತದೆ. ಕೊಳ್ಳುವವರ ಜೊತೆ ಒಪ್ಪಂದವಾದ ಮೇಲೆ, ಮನೆ ಅವರ ಕೈಗೆ ಹೋಗುವ ಮುಂಚೆ ಇವನ್ನು ದಾನ ಕೊಡಲು ನಿಮ್ಮ ಏಜೆಂಟ್‌ಗೆ ಹೇಳಿ.

ಸಾಮಾನು ಆಗಲೇ ಹೋಗಿದ್ದರೆ ಸ್ಟೇಜಿಂಗ್ ಮಾಡುವವರಿದ್ದಾರೆ. ಪೀಠೋಪಕರಣ ತಂದು ಜೋಡಿಸಿ ತಿಂಗಳ ಲೆಕ್ಕದಲ್ಲಿ ಬಾಡಿಗೆ ತೆಗೆದುಕೊಳ್ಳುತ್ತಾರೆ. ಇಡೀ ಮನೆಗೆ ಬೇಡ, ಮೇಲೆ ಹೇಳಿದ ಮೂರು ಜಾಗಕ್ಕಷ್ಟೇ ಕೇಳಿ. ಕನಿಷ್ಠ ಎಷ್ಟು ತಿಂಗಳ ಬಾಡಿಗೆ ಕಟ್ಟಬೇಕು ಅನ್ನುವುದನ್ನು ಸಹಿ ಹಾಕುವ ಮೊದಲೇ ಓದಿ. ಕಂಪ್ಯೂಟರಿನಲ್ಲಿ ಖಾಲಿ ಕೋಣೆಯ ಫೋಟೋಗೆ ಸೋಫಾ ಸೇರಿಸುವ ವರ್ಚುವಲ್ ಸ್ಟೇಜಿಂಗ್ ತುಂಬ ಅಗ್ಗ. ಆದರೆ ಅದನ್ನು ನಂಬಿ ಬಂದವರು ಬರಿಯ ಗೋಡೆ ನೋಡಿ ನಿರಾಶರಾಗುತ್ತಾರೆ. ಬಳಸುವುದಾದರೆ ಫೋಟೋ ಬದಲಿಸಿದ್ದು ಅಂತ ಸ್ಪಷ್ಟವಾಗಿ ಬರೆಯಿರಿ, ಖಾಲಿ ಕೋಣೆಯ ಫೋಟೋವನ್ನೂ ಪಕ್ಕದಲ್ಲೇ ಹಾಕಿ. ಗೋಡೆಯ ಬಿರುಕನ್ನೋ ಕಾರ್ಪೆಟ್ ಕಲೆಯನ್ನೋ ಕಂಪ್ಯೂಟರಿನಲ್ಲಿ ಅಳಿಸುವುದು ಮಾತ್ರ ಬೇಡವೇ ಬೇಡ.

ಇನ್ನು ವಾಸನೆ. ಇದನ್ನು ನಮ್ಮವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತೇನೆ. ದಿನಾ ಒಗ್ಗರಣೆ ಹಾಕಿದ ಮನೆಯ ವಾಸನೆ ಅಲ್ಲೇ ಇರುವವರಿಗೆ ತಿಳಿಯುವುದಿಲ್ಲ. ಹೊರಗಿನಿಂದ ಬಂದವರಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ಎಣ್ಣೆಯ ಹೊಗೆ ಕ್ಯಾಬಿನೆಟ್‌ಗಳ ತಲೆಯ ಮೇಲೆ, ಒಲೆಯ ಮೇಲಿನ ಹುಡ್‌ನ ಜಾಲರಿಯಲ್ಲಿ, ಪರದೆಯಲ್ಲಿ, ಕಾರ್ಪೆಟ್‌ನಲ್ಲಿ ಕೂತಿರುತ್ತದೆ. ಜಿಡ್ಡು ತೆಗೆಯುವ ದ್ರಾವಣದಿಂದ ಕ್ಯಾಬಿನೆಟ್‌ಗಳನ್ನು ಒಳಗೆ-ಹೊರಗೆ ಒರೆಸಿ. ಹುಡ್‌ನ ಫಿಲ್ಟರ್, ಹೀಟಿಂಗ್-ಎ.ಸಿ. ಫಿಲ್ಟರ್ ಎರಡನ್ನೂ ಹೊಸದು ಹಾಕಿ. ಕಾರ್ಪೆಟ್ ತೊಳೆಸಿ, ಪರದೆ ಬಿಚ್ಚಿಬಿಡಿ. ಎಲ್ಲದರ ಮೇಲೆ ಸುಮ್ನೆ ರೂಮ್ ಫ್ರೆಶ್‌ನರ್ ಹೊಡೆದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನುವ ಅನುಮಾನ ಬರುತ್ತದೆ.

ದೇವರ ಮನೆ ಮಾಡಿಕೊಂಡಿದ್ದ ಕ್ಲಾಸೆಟ್ಟನ್ನು, ಅಂದರೆ ಬಟ್ಟೆಬರೆ ಇಡುವ ಗೂಡುಕೋಣೆಯನ್ನು, ಮತ್ತೆ ಕ್ಲಾಸೆಟ್ ಮಾಡಿಯೇ ಬನ್ನಿ. ದೀಪ, ಊದುಬತ್ತಿಯ ಮಸಿ ಹಿಡಿದ ಗೋಡೆಗೆ ನೇರವಾಗಿ ಬಣ್ಣ ಹೊಡೆದರೆ ಸ್ವಲ್ಪ ದಿನಕ್ಕೆ ಮಸಿ ಮತ್ತೆ ಮೇಲೆ ಬರುತ್ತದೆ. ಮೊದಲು ಒರೆಸಿ, ಕಲೆ ತಡೆಯುವ ಪ್ರೈಮರ್ ಹೊಡೆದು, ಆಮೇಲೆ ಬಣ್ಣ. ಹೊಸ್ತಿಲ ಅರಿಸಿನ-ಕುಂಕುಮ, ಬಾಗಿಲ ಮೇಲಿನ ಸ್ವಸ್ತಿಕವನ್ನೂ ಪೂರ್ತಿ ತೆಗೆಯಿರಿ. ನಮಗೆ ಸ್ವಸ್ತಿಕ ಮಂಗಳ. ಅಲ್ಲಿ ಅದನ್ನು ಕಂಡವರಿಗೆ ಹಿಟ್ಲರನ ನಾತ್ಸಿ ಗುರುತು ನೆನಪಾಗುತ್ತದೆ, ಆ ಬಾಗಿಲಲ್ಲಿ ವಿವರಿಸಲು ನೀವಿರುವುದಿಲ್ಲ. ಗಾಢ ಹಳದಿ, ಹಸಿರು, ನೇರಳೆ ಗೋಡೆಗಳಿದ್ದರೆ ತಿಳಿ ಕೆನೆ ಬಣ್ಣಕ್ಕೆ ಬದಲಿಸಿ. ಬಲ್ಬುಗಳೆಲ್ಲ ಒಂದೇ ತರಹದವು ಇರಲಿ. ಒಂದು ಕೋಣೆ ಬೆಳ್ಳಗೆ, ಇನ್ನೊಂದು ಹಳದಿ ಕಂಡರೆ ಫೋಟೋ ಕೆಡುತ್ತದೆ.

ಖಾಲಿ ಮನೆ ಅಂತ ಕರೆಂಟು, ನೀರು, ಗ್ಯಾಸ್ ನಿಲ್ಲಿಸಬೇಡಿ. ಕೊಳ್ಳುವವರು ಕಳಿಸುವ ಇನ್‌ಸ್ಪೆಕ್ಟರ್ ಒಲೆ, ಗೀಸರ್, ಹೀಟರ್ ಎಲ್ಲ ಚಾಲೂ ಮಾಡಿ ನೋಡುತ್ತಾರೆ. ಚಳಿ ಊರಾದರೆ ಥರ್ಮೋಸ್ಟಾಟ್ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯಬಾರದು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 13 ಡಿಗ್ರಿ. ಇಳಿದರೆ ಪೈಪಿನಲ್ಲಿ ನೀರು ಹೆಪ್ಪುಗಟ್ಟಿ ಪೈಪೇ ಸೀಳಬಹುದು. ಮನೆ ನೋಡಲು ಜನ ಬರುವ ದಿನ ಇನ್ನಷ್ಟು ಬೆಚ್ಚಗಿಡಲು ಏಜೆಂಟ್‌ಗೆ ಹೇಳಿ. ವಾರಗಟ್ಟಲೆ ಬಳಸದ ಸಿಂಕ್, ಸ್ನಾನದ ಮನೆಯ ಕೊಳವೆಯ ಬಾಗಿನಲ್ಲಿ ನಿಂತ ನೀರು ಆರಿ, ಚರಂಡಿ ವಾಸನೆ ಮನೆಯೊಳಗೆ ಬರುತ್ತದೆ. ವಾರಕ್ಕೊಮ್ಮೆ ಯಾರಾದರೂ ಎಲ್ಲ ನಲ್ಲಿ ಬಿಟ್ಟು, ಕಮೋಡ್ ಫ್ಲಶ್ ಮಾಡಿ ಬರಬೇಕು. ಹುಲ್ಲು ಕತ್ತರಿಸುವವರಿಗೂ ಮುಂಚೆಯೇ ಹಣ ಕೊಟ್ಟು ಬನ್ನಿ. ಹುಲ್ಲು ಬೆಳೆದರೆ ಮನೆ ಖಾಲಿ ಇದೆ ಅಂತ ಬೀದಿಗೆಲ್ಲ ಗೊತ್ತಾಗುತ್ತದೆ, ಬಡಾವಣೆಯ ಸಂಘ ದಂಡವನ್ನೂ ಹಾಕಬಹುದು.

ವಿಮೆಯನ್ನು ಮರೆತು ಬರುವವರು ಬಹಳ. ಮಾಮೂಲಿ ಮನೆ ವಿಮೆಯಲ್ಲಿ, ಮನೆ 30 ಅಥವಾ 60 ದಿನಕ್ಕಿಂತ ಜಾಸ್ತಿ ಖಾಲಿ ಇದ್ದರೆ ಕೆಲವು ನಷ್ಟಗಳಿಗೆ ಪರಿಹಾರ ಇಲ್ಲ ಅನ್ನುವ ಷರತ್ತು ಸಾಮಾನ್ಯ. ಕಂಪನಿಗೆ ಫೋನ್ ಮಾಡಿ, ಖಾಲಿ ಮನೆಗೆ ಒಪ್ಪುವ ವಿಮೆ ಮಾಡಿಸಿ.

ಒಳಗೆ ಕ್ಯಾಮೆರಾ ಇಟ್ಟು ತುಮಕೂರಿನಿಂದ ನೋಡುವ ಆಸೆ ಸಹಜ. ಆದರೆ ಬಂದವರ ಮಾತನ್ನು ಅವರ ಒಪ್ಪಿಗೆಯಿಲ್ಲದೆ ರೆಕಾರ್ಡ್ ಮಾಡುವುದು ಹಲವು ರಾಜ್ಯಗಳಲ್ಲಿ ಅಪರಾಧ. ಧ್ವನಿಯನ್ನು ಆಫ್ ಮಾಡಿ. ಜಾಹೀರಾತಿನಲ್ಲಿ "ಭಾರತೀಯ ಕುಟುಂಬಕ್ಕೆ ಆದ್ಯತೆ" ಅಂತಲೂ ಬರೆಯುವಂತಿಲ್ಲ. 1968ರ ಫೇರ್ ಹೌಸಿಂಗ್ ಕಾಯ್ದೆ ಅದನ್ನು ತಡೆಯುತ್ತದೆ. ಮನೆ 1978ಕ್ಕಿಂತ ಹಳೆಯದಾದರೆ, ಗೋಡೆಯ ಹಳೆಯ ಬಣ್ಣದಲ್ಲಿ ಸೀಸ ಇದೆಯೇ ಎಂದು ನಿಮಗೆ ಗೊತ್ತಿರುವುದನ್ನೆಲ್ಲ ಬರೆದು ತಿಳಿಸಲೇಬೇಕು.

ತೆರಿಗೆಯ ಎರಡು ವಿಷಯ. ಮಾರುವ ಮುಂಚಿನ 5 ವರ್ಷದಲ್ಲಿ ಒಟ್ಟು 2 ವರ್ಷ ನೀವು ಆ ಮನೆಯ ಮಾಲೀಕರಾಗಿ ಅಲ್ಲೇ ವಾಸವಿದ್ದರೆ, ಲಾಭದಲ್ಲಿ 2,50,000 ಡಾಲರ್‌ವರೆಗೆ, ಗಂಡ-ಹೆಂಡತಿ ಜಂಟಿಯಾಗಿ ರಿಟರ್ನ್ ಸಲ್ಲಿಸಿದರೆ 5,00,000 ಡಾಲರ್‌ವರೆಗೆ ಅಮೆರಿಕದಲ್ಲಿ ಆದಾಯ ತೆರಿಗೆ ಇಲ್ಲ. ಬೆಲೆ ಏರಲಿ ಅಂತ ವರ್ಷಗಟ್ಟಲೆ ಇಟ್ಟುಕೊಂಡರೆ ಇದು ಕೈತಪ್ಪುತ್ತದೆ. ಎರಡನೆಯದು, ತೆರಿಗೆ ಲೆಕ್ಕದಲ್ಲಿ ನೀವು ಅಲ್ಲಿನ ನಿವಾಸಿಯಲ್ಲ ಅಂತಾದ ಮೇಲೆ ಮಾರಿದರೆ, ಕೊಳ್ಳುವವರು ಸಾಮಾನ್ಯವಾಗಿ ಮಾರಾಟದ ಬೆಲೆಯಲ್ಲೇ 15% ಹಿಡಿದು ಅಮೆರಿಕದ ತೆರಿಗೆ ಇಲಾಖೆಗೆ ಕಟ್ಟಬೇಕು. ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ. ರಿಟರ್ನ್ ಸಲ್ಲಿಸಿ ಹೆಚ್ಚಿನದನ್ನು ವಾಪಸ್ ಪಡೆಯಬಹುದು, ಆದರೆ ಅಷ್ಟು ದಿನ ಹಣ ಸಿಕ್ಕಿಬಿದ್ದಿರುತ್ತದೆ. ಹೊರಡುವ ಮೊದಲೇ ಅಲ್ಲಿನ ಸಿ.ಪಿ.ಎ. (ನಮ್ಮ ಸಿ.ಎ. ತರಹದ ಲೆಕ್ಕಿಗರು) ಒಬ್ಬರ ಜೊತೆ, ಇಲ್ಲಿನ ಆಡಿಟರ್ ಜೊತೆ ಕೂತು ಮಾತಾಡಿ. ನಂಬಿಕಸ್ಥರ ಹೆಸರಿಗೆ ಪವರ್ ಆಫ್ ಅಟಾರ್ನಿಯನ್ನೂ ಅಲ್ಲೇ ಮಾಡಿಸಿಬಿಡಿ.

ಆಫರ್ ಬಂದರೆ ಒಂದೆರಡು ದಿನದಲ್ಲೇ ಉತ್ತರ ಕೊಡಬೇಕಾಗುತ್ತದೆ. ಬೇಸಿಗೆಯಲ್ಲಿ ನ್ಯೂಜೆರ್ಸಿಯ ಸಂಜೆ 7 ಗಂಟೆ ಅಂದರೆ ತುಮಕೂರಿನಲ್ಲಿ ಬೆಳಗಿನ ಜಾವ 4:30. ಎಷ್ಟಕ್ಕೆ ಒಪ್ಪುತ್ತೀರಿ, ಎಷ್ಟಕ್ಕಿಂತ ಇಳಿಯುವುದಿಲ್ಲ ಅನ್ನುವುದನ್ನು ಮನೆಯವರೆಲ್ಲ ಮೊದಲೇ ಮಾತಾಡಿಕೊಂಡಿರಿ. ಕ್ಲೋಸಿಂಗ್‌ಗೆ, ಅಂದರೆ ಹಣ ಕೊಟ್ಟು ಮನೆ ಅವರ ಹೆಸರಿಗೆ ಮಾಡಿಸಿಕೊಳ್ಳುವ ದಿನಕ್ಕೆ, ಸ್ವಲ್ಪ ಮುಂಚೆ ಕೊಳ್ಳುವವರು ಕೊನೆಯ ಸಲ ಮನೆ ನೋಡಲು ಬರುತ್ತಾರೆ. ಆ ಹೊತ್ತಿಗೆ ಸೋಫಾ, ಮಂಚ ಎಲ್ಲ ಹೋಗಿ, ಮನೆ ಗುಡಿಸಿ ಕ್ಲೀನ್ ಆಗಿರಬೇಕು. ಕರೆಂಟು, ನೀರು, ವಿಮೆ ಮಾತ್ರ ಹಾಗೇ ಇರಲಿ. ಮನೆ ಅವರ ಹೆಸರಿಗೆ ಆಗಿ ಹಣ ನಿಮ್ಮ ಖಾತೆಗೆ ಬಂದ ಮೇಲೆ ಅವನ್ನು ನಿಲ್ಲಿಸಿ.