ನಡುವಿನ ಮತದಾರರನ್ನು ನಾನು ಹುಡುಕುವ ಕ್ರಮ

ಪ್ರಚಾರಕ್ಕೆ ಹೊಸದಾಗಿ ಬರುವ ಹುಡುಗರಿಗೆ ನಾನು ಮೊದಲು ಹೇಳುವುದು 1985ರ ಲೆಕ್ಕ. 1984ರ ಡಿಸೆಂಬರಿನಲ್ಲಿ ಕರ್ನಾಟಕ ಲೋಕಸಭೆಯ 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ಮೂರೇ ತಿಂಗಳಿಗೆ ವಿಧಾನಸಭೆಯ 224ರಲ್ಲಿ 139 ಸ್ಥಾನ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಹೋಯಿತು. ಹಾಗೆ ತೂಗಿ ನೋಡಿ ಮತ ಹಾಕುವ ನಡುವಿನ ಮತದಾರರು ಪ್ರತಿ ಬೂತಿನಲ್ಲೂ ಇದ್ದಾರೆ.

ಅವರು ಎಲ್ಲಿದ್ದಾರೆ ಎಂದು ತಿಳಿಯಲು ನಮೂನೆ 20 ಬೇಕು. ಮತಗಟ್ಟೆವಾರು ಫಲಿತಾಂಶದ ಈ ಪಟ್ಟಿ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟಿನಲ್ಲಿ ಸಿಗುತ್ತದೆ. 2023ರ ವಿಧಾನಸಭೆ ಮತ್ತು 2024ರ ಲೋಕಸಭೆ ಚುನಾವಣೆಯ ಪಟ್ಟಿಗಳನ್ನು ಅಕ್ಕಪಕ್ಕ ಇಡುತ್ತೇನೆ. ಲೆಕ್ಕಕ್ಕೆ ಒಂದು ಬೂತ್ ಹಿಡಿಯಿರಿ: 2023ರಲ್ಲಿ ಕಾಂಗ್ರೆಸ್ 420, ಬಿಜೆಪಿ 310, ಜೆಡಿಎಸ್ 90. 2024ರಲ್ಲಿ ಕಾಂಗ್ರೆಸ್ 340, ಬಿಜೆಪಿ 480. ಬಿಜೆಪಿಗೆ 170 ಮತ ಹೆಚ್ಚಾಯಿತು ಎಂದು ಬರೆದುಕೊಂಡರೆ ಲೆಕ್ಕ ತಪ್ಪಿತು. 2024ರಲ್ಲಿ ಬಿಜೆಪಿ, ಜೆಡಿಎಸ್ ಮೈತ್ರಿಯಲ್ಲಿದ್ದವು, ಆದ್ದರಿಂದ 310ಕ್ಕೆ 90 ಕೂಡಿಸಿ ಹೋಲಿಸಬೇಕು. ಆಗ ಉಳಿಯುವುದು 80. ಇದು ಕೂಡಿ ಕಳೆದ ಮೇಲಿನ ಅಂಕಿ. ಎರಡೂ ಕಡೆಗೆ ಓಡಾಡಿದವರು ಇದಕ್ಕಿಂತ ಹೆಚ್ಚೇ ಇರಬಹುದು. ಒಟ್ಟು ಮತದಾನ ತುಂಬ ಏರಿಳಿದಿದ್ದರೆ, ಬೂತ್ ಒಡೆದು ಎರಡಾಗಿದ್ದರೆ ಈ ಕಳೆಯುವ ಲೆಕ್ಕಕ್ಕೆ ಅರ್ಥವಿಲ್ಲ. ಬೂತ್ ನಂಬರ್ ಒಂದೇ ಇದ್ದರೆ ಸಾಲದು, ಅದಕ್ಕೆ ಸೇರಿದ ಬೀದಿಗಳೂ ಅವೇನಾ ಎಂದು ನೋಡಬೇಕು.

ಮನೆ ಬಾಗಿಲಲ್ಲಿ ಪಕ್ಷದ ಹೆಸರು ಕೇಳಬಾರದು. ಯಾರಿಗೆ ಹಾಕಿದಿರಿ ಎಂದಂತೂ ಕೇಳಲೇಬಾರದು. "ಅಮ್ಮಾ, ಎಂಎಲ್‌ಎಯಿಂದ ಏನಾಗ್ಬೇಕು, ಎಂಪಿಯಿಂದ ಏನಾಗ್ಬೇಕು?" ಎಂದು ಕೇಳಿ ಸುಮ್ಮನಿರಬೇಕು. ಎರಡಕ್ಕೂ ಬೇರೆ ಬೇರೆ ಉತ್ತರ ಕೊಟ್ಟವರ ಹೆಸರಿಗೆ ಮತದಾರರ ಪಟ್ಟಿಯಲ್ಲಿ ಸುತ್ತು ಹಾಕುತ್ತೇನೆ.

ಅಭ್ಯರ್ಥಿಗಳು ಎಡವುವುದು ಇದಾದ ಮೇಲೆ. ನಡುವಿನ ಮತದಾರ ಎಂದರೆ ಅಭಿಪ್ರಾಯವೇ ಇಲ್ಲದವರು ಎಂದುಕೊಂಡು "ಇವರೂ ಸರಿ, ಅವರೂ ಸರಿ" ಎನ್ನುತ್ತಾರೆ. ಆ ಮಾತಿಗೆ ಯಾರೂ ಮತ ಹಾಕುವುದಿಲ್ಲ. ಈ ಮತದಾರರಿಗೆ ಗಟ್ಟಿ ಅಭಿಪ್ರಾಯಗಳಿವೆ, ಆದರೆ ಎಲ್ಲವೂ ಒಂದೇ ಪಕ್ಷದ ಪ್ರಣಾಳಿಕೆಯಲ್ಲಿ ಸಿಗುವುದಿಲ್ಲ. ಗೃಹಜ್ಯೋತಿಯ 200 ಯೂನಿಟ್ ಬೇಕು ಎನ್ನುವವರೇ ಚರಂಡಿಗೆ ದುಡ್ಡು ಎಲ್ಲಿ ಎಂದೂ ಕೇಳುತ್ತಾರೆ. ಅದಕ್ಕೇ ಕರಪತ್ರದಲ್ಲಿ ಮೂರು ಸಾಲು ಸಾಕು: ಯಾವುದನ್ನು ಉಳಿಸುತ್ತೇನೆ, ಯಾವುದನ್ನು ಬದಲಿಸುತ್ತೇನೆ, ದುಡ್ಡು ಯಾವ ಬಾಬ್ತಿನಿಂದ. ಮೂರನೇ ಸಾಲಿಲ್ಲದ ಕರಪತ್ರವನ್ನು ನಾನು ಅಚ್ಚಿಗೆ ಕೊಡುವುದಿಲ್ಲ.

ಇನ್ನೊಂದು ಅಪಾಯ ಕೊನೆಯ ವಾರದ್ದು. ಹೊರಗಿನಿಂದ ಬಂದ ಭಾಷಣಕಾರರು ವೇದಿಕೆಯಲ್ಲಿ ಬೆಂಕಿ ಕಾರಿದರೆ, ಆ ತುಣುಕು ವಾಟ್ಸಾಪಿನಲ್ಲಿ ಹರಿದು, ಸುತ್ತು ಹಾಕಿದ ಮನೆಗಳಿಗೇ ಮೊದಲು ತಲುಪುತ್ತದೆ. ಭಾಷಣದ ವಿಷಯವನ್ನು ಮೊದಲೇ ಕೂತು ಮಾತಾಡಿಕೊಳ್ಳಬೇಕು, ಆಗದಿದ್ದರೆ ಆ ಸಭೆಯೇ ಬೇಡ.

ಹಾಗೆಂದು ಸ್ವಂತ ಕಾರ್ಯಕರ್ತರನ್ನು ಮರೆತರೂ ಕೆಟ್ಟಿತು. ಬೆಂಗಳೂರಿನ ಜಯನಗರದಲ್ಲಿ 2023ರ ಗೆಲುವಿನ ಅಂತರ ಬರೀ 16 ಮತ. ಬೂತಿಗೆ ಇಬ್ಬರು ಸಾಕು: ಒಬ್ಬರ ಕೈಯಲ್ಲಿ ನಮ್ಮವರ ಪಟ್ಟಿ, ಇನ್ನೊಬ್ಬರ ಕೈಯಲ್ಲಿ ಸುತ್ತು ಹಾಕಿದ ಪಟ್ಟಿ. ಎರಡನೇ ಸಲ ಹೋಗುವಾಗ ಮುಖ ಬದಲಾಗಬಾರದು. ಮೊದಲು ಪ್ರಶ್ನೆ ಕೇಳಿದವರೇ ಉತ್ತರ ಹಿಡಿದು ಅದೇ ಬಾಗಿಲಿಗೆ ಹೋಗಬೇಕು.