ಲೈನ್ ಬಂದರೂ ಸರ್ವರ್ ಕೆಲಸ ಮಾಡದಿದ್ದರೆ: ನೆಟ್‌ವರ್ಕ್ ಬಫರ್ ತುಂಬಿದಾಗ ಏನು ಮಾಡಬೇಕು?

ಹುಬ್ಬಳ್ಳಿ-ಧಾರವಾಡದಲ್ಲಿ ಅಡ್ಡಮಳೆ ಸುರುವಾದರೆ ಇಂಟರ್‌ನೆಟ್ ಲೈನ್ ಹೋಗಿ ಬರುವುದು ಮಾಮೂಲು. ಲೈನ್ ಬಂದ ಮೇಲೂ ಯುನಿಕ್ಸ್ ಸರ್ವರ್ ‘ನೋ ಬಫರ್ ಸ್ಪೇಸ್ ಅವೈಲೆಬಲ್’ (ಡೇಟಾ ತಾತ್ಕಾಲಿಕವಾಗಿ ಇಡುವ ಮೆಮೊರಿ, ಅಂದರೆ ಬಫರಿನಲ್ಲಿ ಜಾಗವಿಲ್ಲ) ಎನ್ನುತ್ತಿದ್ದರೆ ತಕ್ಷಣ ರೀಬೂಟ್ ಮಾಡಬೇಡಿ. ಕೆಲಸವೇನೋ ಸುರುವಾಗುತ್ತದೆ, ಆದರೆ ಬಫರ್ ಹಿಡಿದು ಕೂತ ಪ್ರೋಗ್ರಾಂ ಯಾವುದು ಎಂಬ ಸುಳಿವೂ ಅಳಿಸಿಹೋಗುತ್ತದೆ. ಮುಂದಿನ ಮಳೆಗೆ ಮತ್ತದೇ ಪಾಡು.

ಫ್ರೀಬಿಎಸ್‌ಡಿ ಎಂಬ ಯುನಿಕ್ಸ್ ಬಗೆಯಲ್ಲಿ ಈ ದೋಷದ ಸಂಖ್ಯೆ 55. ಮೊದಲು ‘ನೆಟ್‌ಸ್ಟ್ಯಾಟ್ -ಎಂ’ ಕೊಡಿ. ‘ಎಂಬಫ್ ಕ್ಲಸ್ಟರ್ಸ್’ (ನೆಟ್‌ವರ್ಕ್ ಬಫರಿನ ತುಂಡುಗಳು) ಸಾಲಿನಲ್ಲಿ ನಾಲ್ಕು ಅಂಕಿಗಳಿರುತ್ತವೆ: ಬಳಕೆಯಲ್ಲಿರುವುದು, ಕ್ಯಾಶ್‌ನಲ್ಲಿರುವುದು, ಒಟ್ಟು, ಗರಿಷ್ಠ ಮಿತಿ. ಮೊದಲನೆಯದು ನಾಲ್ಕನೆಯದರ ಹತ್ತಿರವಿದೆಯೇ ನೋಡಿ. ಕೆಳಗಿನ ‘ಡಿನೈಡ್’ (ಕೇಳಿದರೂ ಬಫರ್ ಸಿಗದೇ ಹೋದದ್ದರ) ಲೆಕ್ಕ ಬೂಟ್ ಆದಾಗಿನಿಂದ ಕೂಡಿಕೊಂಡು ಬಂದದ್ದು. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ್ದರಷ್ಟೇ ಅದು ಈಗಿನ ತೊಂದರೆ.

‘ಡಿನೈಡ್’ ಸೊನ್ನೆಯಿದ್ದೂ ಪಿಂಗ್ ಅದೇ ದೋಷ ತೋರಿಸಿದರೆ, ಹೆಚ್ಚಾಗಿ ತುಂಬಿರುವುದು ನೆಟ್‌ವರ್ಕ್ ಕಾರ್ಡಿನಿಂದ ಹೊರಹೋಗುವ ಸರದಿ. ‘ಇಫ್‌ಕಾನ್ಫಿಗ್’ನಲ್ಲಿ ‘ನೋ ಕ್ಯಾರಿಯರ್’ ಕಂಡರೆ ಕೇಬಲ್, ಸ್ವಿಚ್ ಪರೀಕ್ಷಿಸಿ. ಆಮೇಲೆ ಇಂಟರ್‌ಫೇಸನ್ನು ಡೌನ್ ಮಾಡಿ ಅಪ್ ಮಾಡಿ, ಡೀಫಾಲ್ಟ್ ರೂಟ್ (ಹೊರಗಿನ ನೆಟ್‌ವರ್ಕ್‌ಗೆ ಹೋಗುವ ದಾರಿ) ಉಳಿದಿದೆಯೇ ಖಾತ್ರಿ ಮಾಡಿಕೊಳ್ಳಿ. ಗದಗದಲ್ಲಿ ಕೂತು ಹಾವೇರಿಯ ಯಂತ್ರಕ್ಕೆ ಬರೀ ‘ಡೌನ್’ ಕೊಟ್ಟರೆ ನಿಮ್ಮ ಲಾಗಿನ್ನೂ ಕಡಿದುಹೋಗುತ್ತದೆ. ಕನ್ಸೋಲ್ ಮುಂದೆ ಒಬ್ಬರು ಇರಲೇಬೇಕು.

ಬಫರ್ ನಿಜಕ್ಕೂ ಮುಗಿದಿದ್ದರೆ ‘ನೆಟ್‌ಸ್ಟ್ಯಾಟ್ -ಎಎನ್’ ಕೊಟ್ಟು ಎರಡು ಕ್ಯೂ (ಸರದಿ) ಕಾಲಂ ಓದಿ: ಬಂದದ್ದಕ್ಕೆ ‘ರೆಸಿವ್-ಕ್ಯೂ’, ಹೋಗಬೇಕಾದದ್ದಕ್ಕೆ ‘ಸೆಂಡ್-ಕ್ಯೂ’. ‘ಸೆಂಡ್-ಕ್ಯೂ’ ದೊಡ್ಡದಿದ್ದರೆ ಕಳಿಸಿದ್ದಕ್ಕೆ ಆ ಕಡೆಯಿಂದ ಸ್ವೀಕೃತಿ ಬಂದಿಲ್ಲ. ಡೇಟಾ ತಲುಪಿಸುವ ಹೊಣೆಯ ಟಿಸಿಪಿ ಮತ್ತೆ ಮತ್ತೆ ಕಳಿಸುತ್ತ ಆ ಡೇಟಾವನ್ನು ಬಫರಿನಲ್ಲೇ ಇಟ್ಟುಕೊಂಡಿರುತ್ತದೆ. ಲಿನಕ್ಸ್‌ನಲ್ಲಾದರೆ ಸುಮಾರು 15 ನಿಮಿಷಕ್ಕೆ ಕೈಬಿಡುತ್ತದೆ. ಇದು ತಾನಾಗಿ ಕರಗುವ ತೊಂದರೆ. ಕರಗದಿರುವುದು ‘ಕ್ಲೋಸ್_ವೇಟ್’ ಎಂಬ ಸ್ಥಿತಿ. ಆ ಕಡೆಯವರು ಸಂಪರ್ಕ ಮುಚ್ಚಿದ್ದಾರೆ, ನಮ್ಮ ಪ್ರೋಗ್ರಾಂ ಮಾತ್ರ ಮುಚ್ಚಿಲ್ಲ. ‘ರೆಸಿವ್-ಕ್ಯೂ 32120, ಕ್ಲೋಸ್_ವೇಟ್’ ಎಂಬಂಥ ಸಾಲು ಕಂಡರೆ, ಓದದೇ ಬಿಟ್ಟ 32,120 ಬೈಟ್ ಬಫರಿನಲ್ಲಿ ಬಿದ್ದಿವೆ ಎಂದರ್ಥ. ಅಂಥ ಸಾಲು ನೂರಾರು ಇದ್ದರೆ ತಪ್ಪು ಆ ಪ್ರೋಗ್ರಾಂನದೇ. ‘ಸಾಕ್‌ಸ್ಟ್ಯಾಟ್ -4’ ಅದರ ಹೆಸರು, ಪ್ರೋಸೆಸ್ ಸಂಖ್ಯೆ ಎರಡನ್ನೂ ಕೊಡುತ್ತದೆ. ಆ ಸರ್ವಿಸ್ ಒಂದನ್ನೇ ರೀಸ್ಟಾರ್ಟ್ ಮಾಡಿ. ಕೋಡ್ ನಿಮ್ಮ ಕೈಯಲ್ಲಿದ್ದರೆ, ಸಂಪರ್ಕ ವಿಫಲವಾದ ದಾರಿಯಲ್ಲೂ ಸಾಕೆಟ್ ಮುಚ್ಚುವಂತೆ ತಿದ್ದಿ. ಮರುಪ್ರಯತ್ನದ ನಡುವಿನ ಅಂತರ 1, 2, 4, 8 ಸೆಕೆಂಡ್ ಎಂದು ಬೆಳೆಯಲಿ.

ಮಿತಿ ಏರಿಸುವುದು ಕೊನೆಗೆ. ಫ್ರೀಬಿಎಸ್‌ಡಿಯಲ್ಲಿ ಕ್ಲಸ್ಟರ್‌ಗಳ ಗರಿಷ್ಠ ಮಿತಿಯಾದ ‘ಕರ್ನ್.ಐಪಿಸಿ.ಎನ್‌ಎಂಬಿಕ್ಲಸ್ಟರ್ಸ್’ ಮೌಲ್ಯವನ್ನು 2,62,144 ಮಾಡಿದರೆ, ಕ್ಲಸ್ಟರಿಗೆ 2 ಕೆಬಿಯಂತೆ 512 ಎಂಬಿ ಮೆಮೊರಿ ಹೋಗಬಹುದು. 2 ಜಿಬಿಯ ಯಂತ್ರಕ್ಕೆ ಅದು ಭಾರವೇ.

ಲಿನಕ್ಸ್‌ನಲ್ಲಿ ದೋಷದ ಸಂಖ್ಯೆ 105. ಕರ್ನಲ್ ಲಾಗ್‌ನಲ್ಲಿ ‘ನೇಬರ್ ಟೇಬಲ್ ಓವರ್‌ಫ್ಲೋ’ ಇದೆಯೇ ಹುಡುಕಿ. ಧಾರವಾಡದ ಹಾಸ್ಟೆಲ್‌ಗಳಂತೆ ಸಾವಿರಕ್ಕೂ ಹೆಚ್ಚು ಮೊಬೈಲ್ ಒಂದೇ ನೆಟ್‌ವರ್ಕ್‌ನಲ್ಲಿರುವ ಕಡೆ ಎಆರ್‌ಪಿ ಪಟ್ಟಿಯ (ಅದೇ ನೆಟ್‌ವರ್ಕ್‌ನ ಯಂತ್ರಗಳ ವಿಳಾಸ ಪಟ್ಟಿ) ಮಿತಿ ದಾಟಿಹೋಗಬಹುದು. ಆ ಮಿತಿಯಾದ ‘ಜಿಸಿ_ಥ್ರೆಶ್3’ ಮೂಲದಲ್ಲಿ 1024 ಇರುತ್ತದೆ, 4096ಕ್ಕೆ ಏರಿಸಿ. ನೆಟ್‌ವರ್ಕನ್ನು ವಿಎಲ್ಎಎನ್‌ಗಳಾಗಿ (ಬೇರೆ ಬೇರೆ ಚಿಕ್ಕ ನೆಟ್‌ವರ್ಕ್‌ಗಳಾಗಿ) ಒಡೆದರೆ ಇನ್ನೂ ಒಳ್ಳೆಯದು.